ಒಂದು ಚೀಟಿಗೆ ಉತ್ತರ ಕೊಡಬೇಕಾದ ಮಾರೆಪ್ಪನವರು

ಮಕ್ಕಳಿಗಾಗಿ ಬರೆದವರು ನಾಡಿನಲ್ಲಿ ಹಲವರಿದ್ದಾರೆ. ಹಾಗೆ ಬರೆದವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಮಕ್ಕಳ ಎದುರಿಗೆ ನಿಲ್ಲಿಸಿದವರು ವಿರಳ. ಹೊಸಪೇಟೆ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಅಂಥವರನ್ನು ಹುಡುಕಿದರೆ ಸಿಗುವುದು ಒಬ್ಬರೇ, ಗ್ರಂಥಪಾಲಕರಾದ ಶ್ರೀ ಮಾರೆಪ್ಪನವರು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಗ್ರಂಥ ತರುವ ವಿಷಯವನ್ನು ಸಮಿತಿಯವರು ತಿಳಿಸಲು ಹೋದಾಗ, ಹಣೆಯ ಮೇಲೇ ಇದ್ದ ಕನ್ನಡಕವನ್ನು ಮೇಜಿನ ತುಂಬ ತಡಕುತ್ತಾ, "ಯಾರಿಗ್ರಿ ಅಭಿನಂದನ?" ಎಂದು ಕೇಳಿದರಂತೆ. ಗೊಂದಲ ಅವರ ಹಳೆಯ ಗೆಳೆಯ. ಅದು ಅವರಿಗೆ ಮಾಡಿದ ಒಂದು ದ್ರೋಹವನ್ನೂ, ಅದರಿಂದ ನೂರಾರು ಮಕ್ಕಳಿಗೆ ಆದ ಒಂದು ಉಪಕಾರವನ್ನೂ ಇಲ್ಲಿ ದಾಖಲಿಸಬೇಕಾಗಿದೆ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಾ ಸೇವೆ ಆರಂಭಿಸಿದ ಅವರು, ಅದಿರಿನ ಲಾರಿಗಳು ರಸ್ತೆಯನ್ನೆಲ್ಲ ಆಕ್ರಮಿಸಿಕೊಂಡ ಆ ವರ್ಷಗಳಲ್ಲಿ ಒಂದು ಪದ್ಧತಿ ರೂಪಿಸಿದರು. ಮೊದಲು ಊರಿನ ಶಾಲೆಗೆ ನಲವತ್ತು ಪುಸ್ತಕಗಳ ಟ್ರಂಕು ಹೋಗಬೇಕು. ತಿಂಗಳ ನಂತರ ಒಂದು ತಗಡಿನ ಡಬ್ಬಿ ಹೋಗಬೇಕು. ಓದಿದ ಮಕ್ಕಳು ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬೇಕು. ಕೊನೆಗೆ ಲೇಖಕರು ಬಂದು ಚೀಟಿ ಬಿಚ್ಚಿ ಉತ್ತರಿಸಬೇಕು. "ಒಂದು ಚೀಟೀನೂ ಉಳಿಯಂಗಿಲ್ಲ" ಎಂಬುದು ಮಾರೆಪ್ಪನವರು ಪ್ರತಿ ಶಾಲೆಯಲ್ಲೂ ಕೊಡುತ್ತಿದ್ದ ಮಾತು.

ಈ ಸಂಚಾರಗಳು ಸುಸೂತ್ರವಾಗಿ ನಡೆದವು ಎಂದರೆ ಅವರೇ ನಗುತ್ತಾರೆ. ಹಂಪಿಯ ಶಾಲೆಗೆ ಕರೆದೊಯ್ದ ಹಿರಿಯ ಕವಿಯೊಬ್ಬರನ್ನು ಅಲ್ಲಿನ ಮಕ್ಕಳು ಪ್ರವಾಸಿ ಎಂದೇ ತಿಳಿದು, ಕಲ್ಲಿನ ರಥದ ಕಡೆಗೆ ಕೈಹಿಡಿದು ನಡೆಸಿಬಿಟ್ಟಿದ್ದರು. ಸಂಡೂರಿನಲ್ಲಿ ಧೂಳು ಕುಡಿದು ಇನ್ನೊಬ್ಬರ ಗಂಟಲು ಕಟ್ಟಿದಾಗ, ಅವರ ಪದ್ಯವನ್ನು ಮಾರೆಪ್ಪನವರೇ ಹೇಳಲು ನಿಂತು, ಎರಡನೆಯ ಸಾಲಿಗೇ ಮರೆತು, ಮಕ್ಕಳಿಂದ ಹೇಳಿಸಿಕೊಂಡು ಮುಗಿಸಿದರು.

ಆದರೆ ೨೦೦೬ರ ಜನವರಿಯ ದಿನವನ್ನು ನೆನೆದರೆ ಅವರು ನಗುವುದಿಲ್ಲ. ಆ ದಿನದ ಅತಿಥಿ ಮಕ್ಕಳ ಕವಯಿತ್ರಿ ಶೈಲಜಾ. ಬೆಳಿಗ್ಗೆ ಗಾದಿಗನೂರು, ಮಧ್ಯಾಹ್ನ ಎಮ್ಮಿಗನೂರು. ಚೀಟಿ ತುಂಬಿದ ಮೇಲೆ ಹಿಂದಿನ ದಿನವೇ ತರಿಸಿಟ್ಟುಕೊಂಡ ಎರಡೂ ಊರಿನ ಡಬ್ಬಿಗಳು ಜೀಪಿನಲ್ಲಿದ್ದವು, ಮುಚ್ಚಳದ ಮೇಲೆ ಮಾರೆಪ್ಪನವರು ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆದಿದ್ದರು.

ಗಾದಿಗನೂರಿನಲ್ಲಿ ಶೈಲಜಾ ಮೊದಲ ಚೀಟಿ ಓದಿದರು: "ನಮ್ಮ ಕಬ್ಬಿನ ಗದ್ದಿಗೆ ಬರೋ ನರಿ ಭಾಳ ಕೆಟ್ಟದ್ದು, ನಿಮ್ಮ ಪದ್ಯದಾಗಿನ ನರಿ ಯಾಕ ಒಳ್ಳೇದೈತಿ?" ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯದು ಕಾಲುವೆಯ ಕಪ್ಪೆಯ ಬಗ್ಗೆ, ಮೂರನೆಯದು ಹರಿಗೋಲಿನ ಬಗ್ಗೆ. ಮಕ್ಕಳಲ್ಲಿ ಯಾರೂ ತಮ್ಮದೆಂದು ಕೈ ಎತ್ತಲಿಲ್ಲ. ಶೈಲಜಾ ಮಾರೆಪ್ಪನವರನ್ನು ನೋಡಿದರು, ಮಾರೆಪ್ಪನವರು ಹೆಡ್‌ಮಾಸ್ತರರನ್ನು ನೋಡಿದರು, ಹೆಡ್‌ಮಾಸ್ತರರು ಮಕ್ಕಳ ಕಡೆ ಕಣ್ಣು ಬಿಟ್ಟರು. ಮಕ್ಕಳು ನಾಚಿರಬೇಕೆಂದು ಮಾರೆಪ್ಪನವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಬಿಸಿಯೂಟದ ಗಂಟೆ ಹೊಡೆದಾಗ ಹುಡುಗಿಯೊಬ್ಬಳು ಎದ್ದು ನಿಂತಳು.

"ನನ್ನ ಚೀಟಿ ಬರಲಿಲ್ರಿ ಸರ್."

"ಬರತೈತಿ ತಾಯಿ, ಕುಂದ್ರು."

"ಇವತ್ತೇ ಬೇಕಾಗಿತ್ರಿ."

ಲಾರಿಗಳ ಸಾಲು ಶುರುವಾದರೆ ಸಂಜೆಯವರೆಗೆ ದಾಟಲಾಗದೆಂದು ಹೊರಗೆ ಡ್ರೈವರು ಹಾರನ್ನು ಬಾರಿಸುತ್ತಿದ್ದ. ಮಾರೆಪ್ಪನವರು ಹುಡುಗಿಯ ತಲೆ ಸವರಿ ಜೀಪು ಹತ್ತಿದರು.

ಎಮ್ಮಿಗನೂರಿನಲ್ಲಿ ಡಬ್ಬಿ ತೆರೆದಾಗ ಎಲ್ಲವೂ ಬಯಲಾಯಿತು. ಮೊದಲ ಚೀಟಿಯಲ್ಲೇ, "ಲಾರಿ ಸಪ್ಪಳದಾಗ ನಿಮ್ಮ ಪದ್ಯ ಕೇಳಸಂಗಿಲ್ಲ, ಗಟ್ಟಿಯಾಗಿ ಓದ್ತೀರೇನು?" ಎಂದಿತ್ತು. ಭತ್ತದ ಗದ್ದೆಯ ನಡುವಿನ ಶಾಲೆಗೆ ಎಲ್ಲಿಯ ಲಾರಿ! ಡ್ರೈವರು ಎರ್ರಿಯಪ್ಪನನ್ನು ಕರೆದು ಕೇಳಿದರೆ ಆತ ಹೆಮ್ಮೆಯಿಂದಲೇ ಹೇಳಿದ: "ಮೇಡಮ್ಮೋರು ಬರ್ತಾರಂತ ಡಬ್ಬಿ ಎರಡೂ ಒದ್ದಿ ಬಟ್ಟೀಲೆ ಮಸ್ತ್ ಒರಸೀನ್ರಿ ಸರ್. ಕೆಂಪು ಧೂಳು ಕುಂತಿತ್ತು." ಧೂಳಿನ ಜೊತೆ ಊರುಗಳ ಹೆಸರೂ ಹೋಗಿದ್ದವು; ಬೆಳಿಗ್ಗೆ ಮಾರೆಪ್ಪನವರು ಮುಚ್ಚಳ ನೋಡದೆ ಕೈಗೆ ಸಿಕ್ಕ ಡಬ್ಬಿಯನ್ನೇ ಇಳಿಸಿದ್ದರು. ಬೈಯಲು ಬಾಯಿ ತೆರೆದ ಮಾರೆಪ್ಪನವರಿಗೆ, ಆತನ ಮುಖ ನೋಡಿ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಡಬ್ಬಿಯ ತಳದಲ್ಲಿ ಆ ಹುಡುಗಿಯ ಚೀಟಿ ಇತ್ತು. "ನೀವು ಬಂದ ಮರುದಿನ ನಾವು ಬ್ಯಾರೆ ಗಣಿಗೆ ಕೆಲಸಕ್ಕ ಹೋಗ್ತೀವಿ. ಲೈಬ್ರರಿ ಪುಸ್ತಕ ಅರ್ಧ ಓದೀನಿ. ಒಯ್ದರ ಕಳವು ಅಂತಾರೇನು? ಪಂಪಾವತಿ, ಆರನೇ ತರಗತಿ." ಶೈಲಜಾ ಅದನ್ನು ಎರಡು ಸಲ ಓದಿ, "ಇದು ನನಗಲ್ಲ ಸರ್, ನಿಮಗೇ ಕೇಳಿದ ಪ್ರಶ್ನೆ" ಎಂದು ಅವರ ಕೈಗಿಟ್ಟರು.

ಕೂಡಲೇ ಹೊರಟರೂ ಅವರ ಜೀಪು ಲಾರಿಗಳ ನಡುವೆ ಸಿಕ್ಕಿ ರಾತ್ರಿಯಿಡೀ ನಿಂತಿತು. ಮರುದಿನ ಬೆಳಿಗ್ಗೆ ಅವರು ಗಾದಿಗನೂರಿನ ಶಾಲೆ ಮುಟ್ಟುವಷ್ಟರಲ್ಲಿ ಹುಡುಗಿಯ ಮನೆಯವರ ಗುಡಿಸಲು ಖಾಲಿ. ಪುಸ್ತಕ ಮಾತ್ರ ಹೆಡ್‌ಮಾಸ್ತರರ ಮೇಜಿನ ಮೇಲೆ ಇತ್ತು, ನಲವತ್ತೆಂಟನೆಯ ಪುಟದಲ್ಲಿ ಜಡೆಯ ಹಸಿರು ರಿಬ್ಬನ್ನಿನ ತುಂಡು ಇಟ್ಟು ಮುಚ್ಚಲಾಗಿತ್ತು. ಉತ್ತರ ಬಾರದ್ದಕ್ಕೆ ಮಗು ತಾನೇ ಉತ್ತರ ಹೇಳಿಕೊಂಡು ಪುಸ್ತಕ ಬಿಟ್ಟುಹೋಗಿತ್ತು. ಮಾರೆಪ್ಪನವರು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು; ಇದನ್ನು ಮುಚ್ಚಿಡಲು ಅವರೂ ಒಪ್ಪುವುದಿಲ್ಲ.

ಸಂಡೂರಿನ ಸುತ್ತಲ ಗುಡಿಸಲುಗಳಲ್ಲಿ ಎಷ್ಟು ಭಾನುವಾರ ಹುಡುಕಿದರೋ ಅವರಿಗೇ ಲೆಕ್ಕವಿಲ್ಲ. ಆ ಹೆಸರಿನ ಹುಡುಗಿಯರು ಬೇಕಾದಷ್ಟು ಸಿಕ್ಕರು, ಅವಳು ಸಿಗಲಿಲ್ಲ. ಅಂದಿನಿಂದ ಪ್ರತಿ ಶಾಲೆಯಲ್ಲೂ ಲೇಖಕರಿಗಿಂತ ಮೊದಲು ಮಾರೆಪ್ಪನವರೇ ಎದ್ದು, ಊರು ಬಿಡುವ ಮಕ್ಕಳು ಓದುತ್ತಿರುವ ಪುಸ್ತಕವನ್ನು ಜೊತೆಗೇ ಒಯ್ಯಬೇಕೆಂದು ಸಾರತೊಡಗಿದರು. ಪುಸ್ತಕಗಳೆಲ್ಲಿ ಹೋದವೆಂದು ಮೇಲಿನ ಕಚೇರಿಯಿಂದ ನೋಟಿಸು ಬಂದಿತು. "ಓದುಗರ ಜೊತೆ ಹೋಗಿವೆ" ಎಂದು ಒಂದೇ ಸಾಲು ಬರೆದು ಕಳುಹಿಸಿದರು. ಅವರ ಬಡ್ತಿ ಮೂರು ವರ್ಷ ತಡವಾದದ್ದು ಏಕೆಂದು ಸಹೋದ್ಯೋಗಿಗಳಾದ ನಮಗೆಲ್ಲ ಗೊತ್ತು. ಅವರು ಮಾತ್ರ ಇಂದಿಗೂ ಆ ಬಗ್ಗೆ ಗೊಂದಲದಲ್ಲಿದ್ದಾರೆ.

ಈ ಗ್ರಂಥಕ್ಕೆ ತಮ್ಮದೂ ಎರಡು ಮಾತು ಬೇಕೆಂದಾಗ ಅವರು ಕಪಾಟಿನಿಂದ ಆ ಪುಸ್ತಕ ತೆಗೆದರು. ರಿಬ್ಬನ್ನು ಇದ್ದಲ್ಲೇ ಇದೆ. "ಆಕಿ ಈಗ ಎಷ್ಟು ದೊಡ್ಡಾಕಿ ಆಗಿರಬೇಕು? ಈ ನಿಮ್ಮ ಗ್ರಂಥ ಆಕಿ ಕೈಗೆ ಸಿಗತೈತೇನ್ರಿ?" ಎಂದು ಕೇಳಿದರು. ಆಮೇಲೆ ಒಂದು ಚೀಟಿ ಎಳೆದುಕೊಂಡು ಬರೆಯತೊಡಗಿದರು. ಅವರು ಬರೆದುಕೊಟ್ಟ ಮಾತನ್ನು ಒಂದಕ್ಷರವನ್ನೂ ತಿದ್ದದೆ ಕೊನೆಯಲ್ಲಿ ಅಚ್ಚು ಹಾಕಿದ್ದೇವೆ. ಈ ಮಾತು ಸೇರಬೇಕಾದವಳನ್ನು ಸೇರುವವರೆಗೆ, ಸೇರಿದ ಮೇಲೂ ಬಹುಕಾಲ, ಅವರು ಆರೋಗ್ಯದಿಂದ ಬಾಳಲಿ, ಹಣೆಯ ಮೇಲಿನ ಕನ್ನಡಕವನ್ನು ಹುಡುಕುತ್ತಾ ಊರೂರು ತಿರುಗುತ್ತಿರಲಿ.

"ಪಂಪಾವತಿ, ಕಳವಲ್ಲಮ್ಮ. ತಡಾ ಆತು, ತಪ್ಪು ನಂದು. ನಲವತ್ತೆಂಟನೇ ಪುಟದಾಗ ನಿನ್ನ ರಿಬ್ಬನ್ನು ಐತಿ. ಬಂದು ಒಯ್ಯಿ."