ಕೊಯ್ದು ತೆಗೆಸಿದ ಮೂರನೆಯ ನುಡಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಮುಂಜಾನೆ, ಕಲಬುರಗಿಯ ಸೇಡಂ ರಸ್ತೆಯ ದವಾಖಾನೆಯಲ್ಲಿ. ಮಗನ ಮದುವೆಯಾದ ಹನ್ನೊಂದು ವರ್ಷಕ್ಕೆ ಸೊಸೆ ಶಾರದಾ ಹೆತ್ತಿದ್ದಾಳೆ. ಗೇಟಿನವನಿಗೆ ನಾನು ಎರಡು ಸಲ ಪೇಡೆ ಕೊಟ್ಟೆನಂತೆ. ಕೈ ಒಡ್ಡದ ಕಾಂಪೌಂಡರನ ಬಾಯಿಗೂ ತುರುಕಿದೆನಂತೆ. ಇರಲಿ ಬಿಡಿ. ಓದಿದ್ದು ಮೂರನೆಯ ಇಯತ್ತೆ. ಖುಷಿಯನ್ನು ಅಳೆದು ಹಂಚುವುದನ್ನು ನನಗೆ ಯಾರೂ ಕಲಿಸಲಿಲ್ಲ.

ಕೂಸನ್ನು ನೋಡಲು ಬಗ್ಗಿದೆ. ಶಾರದಾಳ ದಿಂಬಿನ ಪಕ್ಕ, ಕಿವಿಗೆ ಹಾಕಿಕೊಂಡು ಹಾಡು ಕೇಳುವ ಕರಿ ವೈರು ಸುರುಳಿ ಸುತ್ತಿ ಬಿದ್ದಿತ್ತು. ಅದನ್ನು ಕಂಡದ್ದೇ ತಡ, ಬಾಯೊಳಗಿನ ಪೇಡೆ ಮಣ್ಣಾಯಿತು. ಯಾಕೆ ಅನ್ನುತ್ತೀರಾ? ಅದನ್ನು ಹೇಳದೆ ಈ ಖುಷಿ ಪೂರಾ ನನ್ನದಾಗುವುದಿಲ್ಲ.

ನಮ್ಮದು ಕಮಲಾಪುರ. ಅಲ್ಲಿಯ ಕೆಂಪು ಬಾಳೆಹಣ್ಣು ಎಲ್ಲರಿಗೂ ಗೊತ್ತು. ನಮ್ಮ ಭಜನೆಯ ಮೇಳ ಊರ ಅಗಸಿ ದಾಟಿದರೆ ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷದಿಂದ ಅದರಲ್ಲಿ ನನ್ನದು ತಾಳ. ಶಾರದಾ ಬಂದ ಮೇಲೆ ಮೇಳಕ್ಕೊಂದು ದನಿ ಬಂತು. ಆಕೆ ಹಾಡಲು ಕೂತರೆ ಮಂದಿ ನನ್ನ ತಾಳದ ಕಡೆ ನೋಡುವುದನ್ನೇ ಬಿಟ್ಟರು. ಮೊದಲು ನೋಡುತ್ತಿದ್ದರು ಎಂಬುದು ನನ್ನ ನಂಬಿಕೆ.

ಮೂರು ವರ್ಷದ ಹಿಂದೆ ಊರಲ್ಲಿ ನಮ್ಮ ಮೇಳದ ದೊಡ್ಡ ಕಾರ್ಯಕ್ರಮವಾಯಿತು. ಮದುವೆಯ ವಿಡಿಯೋ ತೆಗೆಯುವವನೊಬ್ಬ ಅಷ್ಟನ್ನೂ ತೆಗೆದು ಡಿವಿಡಿ ಮಾಡಿಕೊಟ್ಟ. ಮನೆಯ ಟಿವಿಯಲ್ಲಿ ಅದನ್ನು ಎಷ್ಟು ಸಲ ಹಾಕಿದೆವೋ! ಪ್ರತಿ ಸಲವೂ ನಾನು ನೋಡಿದ್ದು ನನ್ನ ರುಮಾಲನ್ನು. ಎಡಕ್ಕೆ ವಾಲಿತ್ತು.

ಎರಡು ತಿಂಗಳ ಹಿಂದೆ ಡಾಕ್ಟರಮ್ಮ, ಮಂಚ ಬಿಟ್ಟು ಇಳಿಯಬಾರದು ಎಂದು ಶಾರದಾಳನ್ನು ದವಾಖಾನೆಯಲ್ಲೇ ಇರಿಸಿಕೊಂಡರು. ಆಕೆ ಕೇಳಿದ್ದು ಒಂದೇ: "ಮಾವಾರ, ನಮ್ಮ ಪದಗಳು ಕೇಳಬೇಕನಸ್ತದ. ಚಿತ್ರ ಬ್ಯಾಡ, ಬರೀ ದನಿ ಸಾಕು."

ಮಗ ಬೆರಳುದ್ದದ ಹಾಡಿನ ಯಂತ್ರ ತಂದ. ನಾನು ಡಿವಿಡಿ ಹಿಡಿದು ಕಲಬುರಗಿ ಬಜಾರಿನಲ್ಲಿ ಹಾಡು ತುಂಬಿಕೊಡುವ ಖಾದರನ ಅಂಗಡಿಗೆ ಹೋದೆ. ಕ್ಯಾಸೆಟ್ಟಿನ ಕಾಲದಿಂದ ಪರಿಚಯ. ಆಗ ಹರಿದ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದವನು ಈಗ ಕಂಪ್ಯೂಟರಿನ ಮುಂದೆ ಕೂತಿದ್ದ. ಡಿವಿಡಿ ಒಳಗೆ ಹೋಯಿತು. ಚಿತ್ರ ಬಿಟ್ಟು ದನಿಯಷ್ಟೇ ಬೇರೆಯಾಗಿ, ಪರದೆಯ ಮೇಲೆ ಕಂಬಳಿಹುಳದಂತೆ ಉದ್ದಕ್ಕೆ ಮಲಗಿತು. ಖಾದರ ಭಾಷಣ, ಚಪ್ಪಾಳೆ, ಕೆಮ್ಮು ಎಲ್ಲ ಕತ್ತರಿಸುತ್ತ, ಒಂದೊಂದು ಭಜನೆಯ ಪದವನ್ನು ಬಿಡಿಸುತ್ತ ಹೋದ. ಒಂದು ಕಡೆ ನಿಲ್ಲಿಸಿದ.

"ಚಾಚಾ, ಇಲ್ಲಿ ಯಾರೋ ಮಾತಾಡ್ಯಾರ ನೋಡ್ರಿ," ಎಂದು ನನ್ನ ರುಮಾಲು ಸರಿಸಿ ಹೆಡ್‌ಫೋನು ಹಾಕಿದ.

ಪದದ ಎರಡು ಚರಣ ಮುಗಿಸಿ ಶಾರದಾ ಮೂರನೆಯ ನುಡಿ ಎತ್ತಿಕೊಂಡಿದ್ದಳು. ಅದರ ಕೆಳಗೆ, ಪಕ್ಕದ ಹಾರ್ಮೋನಿಯಂನವನಿಗೆ ಹೇಳಿದ ನನ್ನದೇ ದನಿ: "ತೊಟ್ಟಿಲ ಮುಂದ ಹಾಡೋ ನಸೀಬಿಲ್ಲ, ಮೈಕಿನ ಮುಂದ ಹಾಡಾಕತ್ತಾಳ ನೋಡು."

ಚಿತ್ರವಿದ್ದಾಗ ಕಣ್ಣು ಕಿವಿಯನ್ನು ಮುಚ್ಚಿತ್ತು, ನೋಡಿ. ರುಮಾಲು ನೋಡುತ್ತ ಕೂತವನಿಗೆ ಅದರ ಕೆಳಗಿನ ಬಾಯಿ ಕಾಣಲಿಲ್ಲ. ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಹೆಚ್ಚಿನ ನಾಚಿಕೆ ಅದೇ. ನೆನಪಿಡುವಷ್ಟು ದೊಡ್ಡದೆಂದು ಅನಿಸಿರಲಿಲ್ಲ.

"ತಗದ್ ಬಿಡಪಾ ಅದನ್ನ."

"ಒಂದೇ ಮೈಕು ಚಾಚಾ. ಮಾತು ತಗದ್ರ ಹಾಡೂ ಹೋಗ್ತದ."

"ಹೋಗಲಿ."

ಖಾದರ ನನ್ನ ಮುಖ ನೋಡಿದ. ಆ ನುಡಿಯನ್ನು ಕೊಯ್ದು, ಎರಡನೆಯದಕ್ಕೆ ನಾಲ್ಕನೆಯದನ್ನು ಹೊಲಿದ. ನಾನು ದೊಡ್ಡ ದಾನಿಯ ಗತ್ತಿನಲ್ಲಿ ಯಂತ್ರವನ್ನು ಸೊಸೆಯ ಕೈಗಿಟ್ಟೆ. ಎರಡು ತಿಂಗಳು ಆಕೆ ಅದನ್ನೇ ಕೇಳಿದಳು. ಒಂದು ಮಾತೂ ಎತ್ತಲಿಲ್ಲ.

ಇವತ್ತು ನನ್ನ ಕಣ್ಣು ವೈರಿನ ಮೇಲೆ ನಿಂತದ್ದನ್ನು ಕಂಡು ಕೇಳಿದಳು: "ಮಾವಾರ, ಮೂರನೇ ನುಡಿ ಎಲ್ಲಿ ಹೋಯ್ತರೀ?"

"ಮಿಶೀನು ನುಂಗಿರಬೇಕವ್ವ."

"ಮಿಶೀನಿಗಿ ಯಾಕ ಬೈತೀರಿ? ನಾ ಅವತ್ತೇ ಕೇಳೀನಿ. ನಿಮ್ಮ ಮುಂದೇ ಕುಂತಿದ್ದೆ. ನೀವು ಮಾತಾಡಿ ತಾಳ ತಪ್ಪಿಸಿದ್ರಿ. ನಾ ನುಡಿ ಬಿಡಲಿಲ್ಲ."

ಹೌದು, ಆ ನುಡಿಯಲ್ಲಿ ಆಕೆಯ ದನಿ ಒಂದು ಎಳೆಯೂ ನಡುಗಿರಲಿಲ್ಲ. ಹೆಡ್‌ಫೋನಿನಲ್ಲಿ ನಾನೇ ಕೇಳಿದ್ದೆ. ಆಕೆ ಅಷ್ಟು ಗಟ್ಟಿಯಾಗಿ ಹಿಡಿದದ್ದನ್ನು, ನನ್ನ ಮಾನ ಮುಚ್ಚಿಕೊಳ್ಳಲು, ಕೊಯ್ದು ಎಸೆದಿದ್ದೆ.

"ತಪ್ಪಾಯ್ತವ್ವ," ಎಂದೆ, ಕೂಸಿಗೂ ಕೇಳಬಾರದೆಂಬಷ್ಟು ಸಣ್ಣ ದನಿಯಲ್ಲಿ.

"ನನ್ನ ನುಡಿ ತಂದು ಕೊಡ್ರಿ. ನಿಮ್ಮ ಮಾತು ಇದ್ರೂ ಇರಲಿ."

ಯಂತ್ರ ಹಿಡಿದು ಆಟೋ ಹತ್ತಿದೆ. ಖಾದರ ಆ ಪದವನ್ನು ಅಳಿಸದೆ ಹಾಗೇ ಇಟ್ಟಿದ್ದ. "ನೀವು ಬರ್ತೀರಂತ ಗೊತ್ತಿತ್ತು ಚಾಚಾ," ಎಂದು ಪೂರಾ ತುಂಬಿಕೊಟ್ಟ.

ಸಂಜೆ ದವಾಖಾನೆಯ ಕೋಣೆಯಲ್ಲಿ ಎಲ್ಲರೂ ಕೂಡಿದೆವು. ಹೆಂಡತಿ ಚಾಪೆ ಹಾಸಿ ಬುತ್ತಿ ಬಿಚ್ಚಿದಳು: ರೊಟ್ಟಿ, ಪುಂಡಿಪಲ್ಯ, ಬಾಣಂತಿಗೆ ಬಿಸಿ ಅನ್ನ ತುಪ್ಪ. ಮೊದಲ ತುತ್ತಿಗೆ ಮುಂಚೆ, ಆ ಮಾತನ್ನು ಎಲ್ಲರ ಮುಂದೆ ನಾನೇ ಹೇಳಿದೆ, ಒಂದಕ್ಷರ ಬಿಡದೆ. ಮಗ ತಟ್ಟೆ ನೋಡುತ್ತ ಕೂತ. ಹೆಂಡತಿಯ ಕೈ ರೊಟ್ಟಿಯ ಮೇಲೇ ನಿಂತಿತು.

"ಅತ್ತೀ, ಮಾವಾರಿಗಿ ನೀಡ್ರಿ," ಎಂದಳು ಶಾರದಾ ಮಂಚದಿಂದ. "ಇನ್ನ ತೊಟ್ಟಿಲ ಮುಂದ ತಾಳ ಹಾಕೋರು ಅವರೇ."

ಹೆಂಡತಿ ಎರಡು ರೊಟ್ಟಿಯನ್ನು ಒಟ್ಟಿಗೇ ನನ್ನ ತಟ್ಟೆಗೆ ಒಗೆದಳು. "ತಿನ್ರಿ. ಬಾಯಿ ತುಂಬಿದಾಗರ ಸುಮ್ಮ ಇರ್ತೀರಿ."

ಮಗ ಮೊದಲು ನಕ್ಕ. ಆ ಸದ್ದಿಗೆ ಕೂಸು ಎದ್ದು ಅಳತೊಡಗಿತು. ಶಾರದಾ ತುತ್ತನ್ನು ಕೈಯಲ್ಲೇ ಹಿಡಿದು, ಮೂರನೆಯ ನುಡಿಯಿಂದ ಎತ್ತಿಕೊಂಡಳು. ನಾನು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿದೆ. ಬಾಯಿ ತುಂಬ ರೊಟ್ಟಿ ಇತ್ತು.