ನೆಲನೆಲ್ಲಿಯೂ ನನ್ನ ಭಾವನೂ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನ ಕಣ್ಣು ಹಳದಿಯಾಯಿತು. ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವ ಅವಳು ಬುಟ್ಟಿ ಕೆಳಗಿಟ್ಟು, ಮಂಕಿಯ ನಮ್ಮ ಮನೆಯ ಹಿತ್ತಲಲ್ಲಿದ್ದ ನೆಲನೆಲ್ಲಿ ಕಿತ್ತು ಅರೆದಳು. ಕಾಮಾಲೆಗೆ ಆ ರಸವನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವುದು ನಮ್ಮಲ್ಲಿನ ವಾಡಿಕೆ. ಕುಡಿಯುವಷ್ಟು ದಿನ ಮೀನು, ಎಣ್ಣೆ ವರ್ಜ್ಯ.

ವಿಷಯ ನನ್ನದೇ ಆಗಿತ್ತು. ಕಾಮಾಲೆಯಾದರೆ ರಕ್ತಪರೀಕ್ಷೆಗೆ ಮುನ್ನ ಸೊಪ್ಪಿನ ರಸ ಬೇಡವೆಂದು ಶಿರಾಲಿ, ತೆಂಗಿನಗುಂಡಿಯ ಆರೋಗ್ಯ ಜಾಗೃತಿ ಸಭೆಗಳಲ್ಲೆಲ್ಲ ಭಾಷಣ ಮಾಡಿದವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಕ್ರಮದಲ್ಲೇ ಅಮ್ಮನಿಗೂ ವಿವರಿಸಿದೆ: ಕಾಮಾಲೆ ಒಂದೇ ಕಾರಣದಿಂದ ಬರುವುದಲ್ಲ, ವೈರಾಣುವಿನಿಂದಲೂ ಬರುತ್ತದೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಬರುತ್ತದೆ, ಕಾರಣ ತಿಳಿಯದೆ ದಿನ ದೂಡಿದರೆ ಯಕೃತ್ತು ಕೈಕೊಡಬಹುದು.

“ಆತಾತು,” ಎಂದಳು.

ನಮ್ಮ ಕಡೆ ‘ಆತು’ ಎಂದರೆ ಒಪ್ಪಿಗೆ. ಅದನ್ನೇ ಎರಡು ಸಲ ಕೂಡಿಸಿ ಹೇಳಿದರೆ, ನಿನ್ನ ಮಾತು ಸಾಕು ಎಂದರ್ಥ.

ಅಷ್ಟರಲ್ಲಿ ಕುಮಟಾದಿಂದ ಅಕ್ಕನ ಗಂಡ ಬಂದರು. ಭಾವ ಔಷಧ ವಿಜ್ಞಾನದ ಅಧ್ಯಾಪಕರು. ಇದೇ ನೆಲನೆಲ್ಲಿಯ ಸಾರ ತೆಗೆದು, ಅದರ ಆಂಟಿಆಕ್ಸಿಡೆಂಟ್ ಗುಣ ಇಲಿಗಳ ಯಕೃತ್ತನ್ನು ಎಷ್ಟರಮಟ್ಟಿಗೆ ಕಾಯುತ್ತದೆಂದು ಅಳೆಯುವುದು ಅವರ ಸಂಶೋಧನೆ. ಅವರು ರಸದ ಪರ ನಿಲ್ಲುತ್ತಾರೆಂದು ಎಣಿಸಿ, ಖಂಡನೆಯನ್ನು ಸಿದ್ಧಮಾಡಿಕೊಂಡು ಜಗಲಿಯಲ್ಲಿ ಕುಳಿತೆ. ನಿಲ್ಲಲಿ ಎಂದೇ ಬಯಸಿದ್ದೆ.

“ಎಂತ ಅತ್ತೆ ಅದು, ಲೋಟದಲ್ಲಿ?”

“ನಿಮ್ಮದೇ ಮದ್ದು. ಲಿವರಿಗೆ ಒಳ್ಳೇದು ಅಂತ ನೀವೇ ಹೇಳಿದ್ರಲ್ಲ?”

“ಹೇಳಿದ್ದು ಹೌದು. ಆದ್ರೆ ನಾ ಕುಡಿಸಿದ್ದು ಇಲಿಗೆ. ನೀವು ಇಲಿಯಾ? ಮೊದಲು ರಕ್ತ ತೋರಿಸುವ, ಬನ್ನಿ.”

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಆತು,” ಎಂದವಳೇ ರಸವನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಸೀರೆ ಬದಲಿಸಲು ಒಳಗೆ ನಡೆದಳು.

ಭಾವ ಹೇಳಿದ್ದು ನನ್ನ ವಾದವೇ! ಅದೂ ಕಾರಣಗಳನ್ನೆಲ್ಲ ಬಿಟ್ಟ ತುಂಡು ವಾದ. ಅಮ್ಮ ಆಸ್ಪತ್ರೆಗೆ ಹೊರಟಳೆಂಬ ಸಮಾಧಾನಕ್ಕಿಂತ ಮೊದಲು ನನ್ನ ಎದೆಯಲ್ಲಿ ಎದ್ದದ್ದು ಉರಿ.

ಪರೀಕ್ಷೆಯಲ್ಲಿ ತಿಳಿಯಿತು, ಪಿತ್ತನಾಳದಲ್ಲಿ ಕಲ್ಲು. ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು ವೈದ್ಯರು.

“ಕಲ್ಲಿನ ಮಾತು ನಾನು ಅವತ್ತೇ ಹೇಳಿದ್ದೆ,” ಎಂದೆ, ಅಮ್ಮನ ಹಾಸಿಗೆಯ ಪಕ್ಕದಲ್ಲಿ.

“ಯಾವಾಗ ಹೇಳಿದ್ಯೋ ಮಾರಾಯಾ! ನೀ ದಿನಾ ಎಂತಾದ್ರೂ ಹೇಳ್ತಾನೇ ಇರ್ತೀ.”

ಭಾವ ಆಚೆ ತಿರುಗಿ ನಕ್ಕರು. ಅವರ ಸೌಜನ್ಯವೂ ನನಗೆ ಸಹಿಸಲಾಗಲಿಲ್ಲ.

ಕಲ್ಲು ತೆಗೆಸಿಕೊಂಡ ಅಮ್ಮ ಈಗ ಮತ್ತೆ ಪೇಟೆಯಲ್ಲಿದ್ದಾಳೆ. ಬಂಗುಡೆ ಕೊಳ್ಳಲು ಬಂದವರಿಗೆಲ್ಲ, “ನಮ್ಮ ಅಳಿಯ ಉಳಿಸಿದ್ರು,” ಎಂಬ ಕಥೆಯೂ ಸಿಗುತ್ತದೆ. ಆ ಕಥೆ ಶಿರಾಲಿಗೂ ಮುಟ್ಟಿದೆ. ಮೊನ್ನೆ ಅಲ್ಲಿ ನನ್ನ ಭಾಷಣ ಮುಗಿಯುತ್ತಲೇ ಒಬ್ಬ ಹೆಂಗಸು ಎದ್ದು, “ಮುಂದಿನ ಸಲ ನಿಮ್ಮ ಭಾವನ್ನ ಕರ್ಕೊಂಡು ಬನ್ನಿ. ಅವರು ಹೇಳಿದ್ರೆ ನಮಗೆ ಬೇಗ ತಿಳೀತದಂತೆ,” ಎಂದಳು. ಸಭೆ ಚಪ್ಪಾಳೆ ತಟ್ಟಿತು.

ಕರೆತರುತ್ತೇನೆಂದು ಮಾತು ಕೊಟ್ಟೆ. ಜನಹಿತದ ದೃಷ್ಟಿಯಿಂದ ಅವರು ಬರುವುದೇ ಸರಿ. ಅದನ್ನು ಯಾವ ವೇದಿಕೆಯ ಮೇಲೂ ವಾದಿಸಿ ಗೆಲ್ಲಬಲ್ಲೆ. ಭಾವನಿಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ.