ಸವ್ಯಸಾಚಿಯ ಎಡಗೈ

ನಮ್ಮ ಮನೆಯಲ್ಲಿ ಚಳಿಗಾಲಕ್ಕೆಂದು ಹೊದಿಕೆ ಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಬೈಲಹೊಂಗಲದಲ್ಲಿ ಚಳಿ ಇಲ್ಲವೆಂದಲ್ಲ; ನಮ್ಮ ಮನೆಯವರಿಗೆ ಸನ್ಮಾನದಲ್ಲಿ ಬಂದ ಶಾಲುಗಳೇ ಟ್ರಂಕಿನ ಮುಚ್ಚಳ ಹಾಕಗೊಡದಷ್ಟಿವೆ. ಬಂದ ಬೀಗರಿಗೆ ಹೊದಿಸಿದ್ದೇನೆ, ಶಾವಿಗೆ ಒಣಗಿಸಲು ಹಾಸಿದ್ದೇನೆ, ಅಡುಗೆಮನೆಯ ಕಿಟಕಿಗೆ ಪರದೆಯನ್ನೂ ಕಟ್ಟಿದ್ದೇನೆ. ಒಂದೊಂದು ಶಾಲಿನ ಜೊತೆಗೂ ಒಂದು ಹಣ್ಣಿನ ಬುಟ್ಟಿ ಬರುತ್ತಿತ್ತು, ಹಾಗೆಯೇ ತಪ್ಪದೆ ಒಂದು ಮಾತೂ ಬರುತ್ತಿತ್ತು: ಸವ್ಯಸಾಚಿ. ಹಣ್ಣನ್ನು ಓಣಿಯ ಹುಡುಗಿಯರು ಅಂದೇ ತಿಂದು ಮುಗಿಸುತ್ತಿದ್ದರು. ಮಾತನ್ನು ಇಟ್ಟುಕೊಂಡವರು ಇವರು.

ಇವರು ಚಿತ್ರಕಲೆಯ ಮಾಸ್ತರರಾಗಿದ್ದವರು. ಆದರೆ ಬರೀ ಚಿತ್ರ ಬರೆದುಕೊಂಡು ಸುಮ್ಮನಿರುವ ಜೀವ ಅದಲ್ಲ. ಪೇಟಿ ನುಡಿಸುತ್ತಿದ್ದರು, ಬಯಲಾಟದವರಿಗೆ ಬಣ್ಣ ಹಚ್ಚುತ್ತಿದ್ದರು, ತಾವೇ ದೊರೆಯ ವೇಷ ಕಟ್ಟಿ ಕುಣಿಯುತ್ತಿದ್ದರು, ಕೆಟ್ಟ ಪಂಪಸೆಟ್ಟಿನ ಹೊಟ್ಟೆ ಬಿಚ್ಚಿ ರಿಪೇರಿ ಮಾಡುತ್ತಿದ್ದರು, ಮಾವಿಗೆ ಕಸಿ ಕಟ್ಟುತ್ತಿದ್ದರು. ಸವದತ್ತಿಯ ಕಡೆ ಮದುವೆಗೆ ಹೋದರೆ ಊಟಕ್ಕೆ ಕೂಡುವ ಮೊದಲು ಅಲ್ಲಿಯ ಮೈಕು ಸರಿಮಾಡಿ ಬರುತ್ತಿದ್ದರು. ನಮ್ಮತ್ತೆ ಮಾತ್ರ ಮಗನನ್ನು ಸರಿಯಾಗಿ ಅಳೆದಿದ್ದರು. ಊರ ಕೆಲಸವೆಲ್ಲ ಬರುತ್ತದೆ, ಮನೆಯ ನಳವೊಂದು ಮಾತ್ರ ಅವನ ಕೈಗೆ ಬಗ್ಗುವುದಿಲ್ಲ ಎಂದು ಬಂದವರೆದುರಿಗೇ ಹೇಳಿ ನಗುತ್ತಿದ್ದರು. ಆ ನಳ ಇಂದಿಗೂ ಸೋರುತ್ತದೆ.

ಇಂಥವರಿಗೆ ಕನ್ನಡದಲ್ಲಿ ಹೆಸರಿನ ಬಡತನವಿಲ್ಲ, ನೋಡಿ. 'ಬಹುಮುಖ ಪ್ರತಿಭೆ' ಎಂದರೆ ಸರಕಾರಿ ಪತ್ರದ ವಾಸನೆ ಬರುತ್ತದೆ. 'ಸಕಲಕಲಾವಲ್ಲಭ' ಎಂದರೆ ಹೊಗಳಿದರೋ ಕಾಲೆಳೆದರೋ ತಿಳಿಯುವುದಿಲ್ಲ. ಕಿತ್ತೂರಿನ ಹುಡುಗರು ಸಲೀಸಾಗಿ 'ಆಲ್‌ರೌಂಡರ್' ಎಂದುಬಿಡುತ್ತಾರೆ. ಅದಕ್ಕೆ ಕ್ರಿಕೆಟ್ಟಿನ ಬಯಲಿನ ಧೂಳು ಮೆತ್ತಿಕೊಂಡಿದೆ. ವೇದಿಕೆಗೆ ಒಪ್ಪುವುದು ಸವ್ಯಸಾಚಿಯೇ. ರಾಮದುರ್ಗದಲ್ಲೊಮ್ಮೆ ಒಂದೇ ಸಭೆಯಲ್ಲಿ ಸಾಲಾಗಿ ಕುಳಿತ ಅಷ್ಟೂ ಸನ್ಮಾನಿತರನ್ನು ನಿರೂಪಕರು ಸವ್ಯಸಾಚಿಗಳೆಂದೇ ಕರೆದರು. ಅವರಲ್ಲೊಬ್ಬರು ಕವಿತೆ ಬರೆದು ಬೀಜದ ಅಂಗಡಿ ಇಟ್ಟವರಷ್ಟೇ. ನಾನೋ ಸಾಲಿಯಲ್ಲಿ ಕನ್ನಡ ಕಲಿಸಿ ಸವೆದವಳು. ಕೆಳಗೆ ಕುಳಿತು ಸೆರಗಿನೊಳಗೆ ನಕ್ಕೆ. ಸವ್ಯ ಎಂದರೆ ಎಡ. ಎಡಗೈಯಿಂದಲೂ ಬಾಣ ಬಿಡಬಲ್ಲ ಬಿಲ್ಲುಗಾರನಿಗೆ ಸಂದ ಬಿರುದದು. ಹತ್ತು ವಿದ್ಯೆ ಬಲ್ಲವನಿಗಲ್ಲ, ಒಂದೇ ವಿದ್ಯೆಯನ್ನು ಎರಡು ಕೈಗೂ ಕಲಿಸಿದವನಿಗೆ. ಮನೆಗೆ ಬಂದು ಇವರಿಗೆ ಹೇಳಿದರೆ, ಅರ್ಥ ಎಷ್ಟಾದರೂ ಇರಲಿ, ಶಾಲು ಬೆಚ್ಚಗಿದೆಯಲ್ಲ ಎಂದು ನನ್ನ ಬಾಯಿ ಮುಚ್ಚಿಸಿದರು.

ಹೋದ ವರ್ಷ ಇವರಿಗೆ ಲಕ್ವಾ ಹೊಡೆಯಿತು. ಬೆಳಗಾವಿಯ ಡಾಕ್ಟರರು ಜೀವ ಉಳಿಸಿಕೊಟ್ಟರು, ಮಾತೂ ತಿರುಗಿ ಬಂತು, ಕಾಲೂ ಎಳೆಎಳೆದು ನಡೆಯಿತು. ಬಲಗೈ ಮಾತ್ರ ಏಳಲಿಲ್ಲ. ಕುಂಚ, ನಟ್ಟು ತಿರುಗಿಸುವ ಪಾನಾ, ಪೇಟಿ ಎಲ್ಲವೂ ಒಮ್ಮೆಲೆ ಪರರ ಸಾಮಾನಾದವು. ಇವರು ಅದನ್ನೂ ಹೇಗೋ ನುಂಗಿಕೊಂಡರು. ನುಂಗಲಾಗದ್ದು ಊಟ. ಎಡಗೈಯಿಂದ ಉಣ್ಣಲಾರೆ ಎಂದು ಪಟ್ಟು ಹಿಡಿದರು. ಆ ಕೈ ತೊಳೆದುಕೊಳ್ಳುವ ಕೈ. ಹುಟ್ಟಿದಾಗಿನಿಂದ ಯಾರಾದರೂ ಎಡಗೈಯಲ್ಲಿ ಒಂದು ಬೆಲ್ಲದ ಚೂರು ಕೊಟ್ಟರೂ ಇಸಿದುಕೊಳ್ಳದ ಮನುಷ್ಯ. ಯಾರಿಗೂ ಕಾಣದಂತೆ ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿ ನಾನೇ ತುತ್ತು ಮಾಡಿ ಉಣಿಸುತ್ತಿದ್ದೆ. ಯಾರ ಮನೆಗೂ ಹೋಗುವುದು ನಿಂತಿತು. ಊರೆಲ್ಲ ತಿರುಗಿದ ಜೀವ ಕಟ್ಟೆಯ ಮೇಲೂ ಕೂಡದಾಯಿತು.

ಅಷ್ಟರಲ್ಲಿ ಹೂಲಿಯಿಂದ ನಾದಿನಿಯ ಫೋನು ಬಂತು. ಮಗಳ ಕುಬಸವಂತೆ. ಚೊಚ್ಚಲ ಬಸಿರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ದಿನ ಇವರ ಮನೆತನದಲ್ಲೊಂದು ಪದ್ಧತಿಯಿದೆ: ಸೋದರಮಾವ ಪಕ್ಕದಲ್ಲಿ ಕುಳಿತು ಮೊದಲ ತುತ್ತು ಉಂಡ ಮೇಲೆಯೇ ಬಸುರಿ ಎಲೆಗೆ ಕೈ ಹಚ್ಚಬೇಕು. ಇರುವವರು ಇವರೊಬ್ಬರೇ ಮಾವ. ಇವರು ಹೋಗುವುದಿಲ್ಲವೆಂದರು. ಅಷ್ಟು ಮಂದಿಯ ಮುಂದೆ ಹೆಂಡತಿಯ ಕೈತುತ್ತು ಉಣ್ಣಲೂ ನಾಚಿಕೆ, ಎಡಗೈಲೆ ಉಣ್ಣಲೂ ನಾಚಿಕೆ. ನಾದಿನಿ ಮೂರ್ಹೊತ್ತೂ ಫೋನು ಮಾಡಿ ಅತ್ತಳು.

ಕುಬಸದ ದಿನ ಬೆಳಿಗ್ಗೆ ಎಂದಿನಂತೆ ಇವರ ಪೂಜೆಗೆ ಕುಳಿತೆವು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜಿಸುತ್ತಾರೆ. ಲಕ್ವಾ ಆದಾಗಿನಿಂದ ಇವರು ಅಂಗೈ ಚಾಚುತ್ತಾರೆ, ನಾನು ಲಿಂಗಕ್ಕೆ ವಿಭೂತಿ ಹಚ್ಚಿ ಪತ್ರಿ ಏರಿಸುತ್ತೇನೆ. ದಿನವೂ ಮಾಡುತ್ತಿದ್ದ ಕೆಲಸವೇ, ಆದರೆ ಅಂದು ಪತ್ರಿ ಹಿಡಿದ ನನ್ನ ಕೈ ಅರ್ಧಕ್ಕೇ ನಿಂತಿತು. ಇಷ್ಟು ದಿನ ಇದು ಕಣ್ಣಿಗೆ ಬೀಳದ ನಾನೆಂಥ ಮಾಸ್ತರತಿ ಎನಿಸಿತು.

"ರೀ, ಇದ ಕೈ ಅಲ್ಲೇನ್ರಿ? ಲಿಂಗಕ್ಕ ನಡದದ್ದು ಹೋಳಗಿಗೆ ನಡ್ಯಾಂಗಿಲ್ಲೇನು?"

ಇವರು ತಮ್ಮ ಅಂಗೈಯನ್ನು ಬಹಳ ಹೊತ್ತು ನೋಡಿದರು. ಪೂಜೆ ಮುಗಿದ ಮೇಲೆ ಧೋತರ ಯಾವುದು ಒಗೆದಿದೆ ಎಂದು ಕೇಳಿದರು.

ಹೂಲಿಯಲ್ಲಿ ಪಂಕ್ತಿ ಕೂತಾಗ ನಾನು ಇವರ ಬೆನ್ನ ಹಿಂದೆಯೇ ನಿಂತೆ. ಹಸಿರು ಸೀರೆಯ ಸೋದರಸೊಸೆ ಮಾವನ ಮಗ್ಗುಲಲ್ಲಿ ತಲೆ ಬಗ್ಗಿಸಿ ಕುಳಿತಿದ್ದಳು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ನಾನು ಬಗ್ಗಲು ಹೋದರೆ ಇವರು ಕಣ್ಣಲ್ಲೇ ತಡೆದರು. ಎಡಗೈ ಎಲೆಗೆ ಇಳಿಯಿತು, ಹೋಳಿಗೆ ಮುರಿಯಿತು, ಬಾಯಿಯ ಸಮೀಪ ಬಂದು ತುತ್ತು ಧೋತರದ ಮೇಲೆ ಬಿತ್ತು. ಯಾರೋ ನೀರಿನ ತಂಬಿಗೆ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದರು.

ನಾನು ಆ ಬಿಲ್ಲುಗಾರನನ್ನು ನೆನೆದೆ. ಬಿರುದು ಬರುವ ಮೊದಲು ಅವನ ಎಡಗೈ ಬಿಟ್ಟ ಬಾಣಗಳು ಎಲ್ಲೆಲ್ಲಿ ಬಿದ್ದಿರಬೇಡ? ಅವನ್ನು ಆಯ್ದು ತಂದವರಾರು, ನಕ್ಕವರಾರು, ಶಾಲು ಹೊದಿಸುವವರು ಅದನ್ನೆಲ್ಲ ಕೇಳುವುದೇ ಇಲ್ಲ. ನಾವು ಬಲ್ಲವರಿಗೆ ಹೆಸರು ಕೊಡುತ್ತೇವೆ; ತಪ್ಪುತ್ತ ಕೂತವರಿಗೆ ನಮ್ಮ ಭಾಷೆಯಲ್ಲಿ ಒಂದು ಬಿರುದೂ ಇಲ್ಲ.

ಇವರು ಧೋತರದ ಮೇಲಿನ ತುತ್ತನ್ನು ತೆಗೆದು ಎಲೆಯ ಅಂಚಿಗಿಟ್ಟರು. ಆಮೇಲೆ ಸೊಸೆಯ ಕಡೆ ತಿರುಗಿ, ನಾನು ಇಷ್ಟು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ಒಮ್ಮೆಯೂ ಕೇಳದ ಮಾತನ್ನು ಆಡಿದರು.

"ಸ್ವಲ್ಪ ತಡಿಯವಾ. ಇನ್ನೂ ಕಲಿಯಾಕ ಹತ್ತೇನಿ."

ಎರಡನೆಯ ತುತ್ತು ಬಾಯಿ ಸೇರಿತು. ಸೊಸೆ ಕಣ್ಣೊರೆಸಿಕೊಂಡು ಎಲೆಗೆ ಕೈ ಹಚ್ಚಿದಳು.